ದರ್ವಾಜಾಗಳ ಮೈಗೆ ಮೊಳೆ, ಸಿಮೆಂಟು ಬೇಡ

ಮಾನ್ಯರೇ,

ಬೀದರ್‌ನ ಹಳೇ ಊರಿನಲ್ಲಿ ವಿಳಾಸ ಕೇಳಿದರೆ ಮನೆ ಸಂಖ್ಯೆ ಹೇಳುವವರು ಕಡಿಮೆ. ಫತೇ ದರ್ವಾಜಾದ ಒಳಗೆ, ಶಹಾಗಂಜ್ ಕಮಾನಿನ ಆಚೆ, ಚೌಬಾರಾದ ಹತ್ತಿರ ಎಂದರೆ ಆಟೋದವರಿಗೆ ಸಾಕು. ಅಲಿ ಬರೀದ್ ಷಾನ ಆಳ್ವಿಕೆಯಲ್ಲಿ, 1555ರಿಂದ 1558ರ ಅವಧಿಯಲ್ಲಿ ಊರಿನ ಸುತ್ತ ಎದ್ದ ಗೋಡೆ ಹಲವೆಡೆ ಮನೆಗಳ ಹಿತ್ತಲಲ್ಲಿ ಮರೆಯಾಗಿದ್ದರೂ, ಅದರ ಬಾಗಿಲುಗಳು ಇಂದಿಗೂ ಊರಿಗೆ ಬರುವವರನ್ನು ಒಳಗೆ ಬಿಟ್ಟುಕೊಳ್ಳುತ್ತಿವೆ. ನಾಲ್ಕು ದಾರಿಗಳು ಕೂಡುವಲ್ಲಿ ನಿಂತ 71 ಅಡಿ ಎತ್ತರದ ಚೌಬಾರಾ, ಕಾವಲುಗಾರರು ಸುತ್ತಲ ಬಯಲಿನ ಮೇಲೆ ಕಣ್ಣಿಡಲು ಕಟ್ಟಿದ ಗೋಪುರ. ಗಡಿಯಾರ ಬಂದದ್ದು ಆಮೇಲೆ.

ಇವೆಲ್ಲ ದಿನನಿತ್ಯದ ಬಳಕೆಯಲ್ಲಿರುವುದು ಸಂತೋಷದ ಸಂಗತಿಯೇ. ನನ್ನ ತಕರಾರು ಬಳಕೆಯ ರೀತಿಯ ಬಗ್ಗೆ. ಆನೆ, ಪಲ್ಲಕ್ಕಿಗಳಿಗೆಂದು ಮಾಡಿದ ಕಮಾನಿನಡಿ ಇಂದು ಸರಕು ತುಂಬಿದ ಲಾರಿಗಳು ನುಗ್ಗುತ್ತಿದ್ದು, ಒಳಗೋಡೆಯ ಮೇಲೆ ಆಳೆತ್ತರದಲ್ಲಿ ಅವು ಉಜ್ಜಿದ ಗೀರುಗಳು ಒಂದರ ಮೇಲೊಂದು ಮೂಡಿವೆ. ಕಲ್ಲಿನ ಸಂದಿಯಲ್ಲಿ ಮೊಳೆ ಹೊಡೆದು ಕೇಬಲ್ ತಂತಿ ಎಳೆದಿದ್ದಾರೆ. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್‌ಗಳೂ ಅಲ್ಲೇ ನೇತಾಡುತ್ತವೆ. ನಾಯಕರ ಭಾವಚಿತ್ರ ಹಾಕಲು ನಮ್ಮೂರಲ್ಲಿ ಬೇರೆ ಜಾಗಕ್ಕೇನೂ ಬರವಿಲ್ಲ.

ಇದಕ್ಕಿಂತ ಹೆಚ್ಚು ಚಿಂತೆಯ ವಿಷಯವೆಂದರೆ ದುರಸ್ತಿಯ ಹೆಸರಿನಲ್ಲಿ ಬಳಿಯುವ ಸಿಮೆಂಟು. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಿದ್ದರೆ ಮಳೆನೀರು ಒಳಗೇ ಉಳಿದು, ಸಿಮೆಂಟಿನ ತೇಪೆ ಗಟ್ಟಿಯಾಗಿಯೇ ಇದ್ದರೂ ಅಂಚಿನ ಹಳೆಯ ಗಾರೆ ಪುಡಿಯಾಗಿ ಉದುರುತ್ತದೆ. ಬೆರಳಿನಿಂದ ಮುಟ್ಟಿದರೂ ಇದು ತಿಳಿಯುತ್ತದೆ.

2014ರಲ್ಲಿ ದಖ್ಖನಿ ಸುಲ್ತಾನರ ಸ್ಮಾರಕಗಳ ಜೊತೆ ಬೀದರ್ ಯುನೆಸ್ಕೊದ ವಿಶ್ವ ಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿ ಸೇರಿತು. ಪ್ರವಾಸಿಗರ ಗಮನವೆಲ್ಲ ಕೋಟೆ ಮತ್ತು 1472ರ ಮಹಮೂದ್ ಗವಾನ್ ಮದರಸಾದ ಮೇಲೆಯೇ ಇರುವುದರಿಂದ, ಹಾದಿಯಲ್ಲೇ ಇರುವ ಈ ಬಾಗಿಲುಗಳು ಅನಾಥವಾಗಿವೆ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳು ಭಾರಿ ವಾಹನಗಳನ್ನು ಹೊರರಸ್ತೆಗೆ ತಿರುಗಿಸಬೇಕು, ತಂತಿಗಳನ್ನು ನೆಲದಡಿಗೆ ಇಳಿಸಬೇಕು, ಸುಣ್ಣದ ಗಾರೆ ಕೆಲಸ ಬಲ್ಲವರಿಗೇ ದುರಸ್ತಿಯನ್ನು ವಹಿಸಬೇಕು. ಫ್ಲೆಕ್ಸ್ ತೆರವಿಗೆ ಹೊಸ ಅನುದಾನವೇನೂ ಬೇಕಿಲ್ಲವಾದ್ದರಿಂದ ಅದನ್ನು ಈ ವಾರವೇ ಮಾಡಬಹುದು.

ಇಂತಿ,
ಹಳೇ ಊರಿನ ನಿವಾಸಿ, ಬೀದರ್