ಮಗಳಿಗೊಂದು ಪತ್ರ: ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ

ಸೋಮವಾರಪೇಟೆ

ಪ್ರೀತಿಯ ಮಗಳೇ,

"ಬಾಯಿ ವಾಸಿಯಾಗಿದೆ, ಇನ್ನು ಸ್ಟೀರಾಯ್ಡ್ ಯಾಕಮ್ಮ, ಮುಖವೆಲ್ಲ ಊದಿಕೊಂಡಿದೆ" ಎಂದೆಯಲ್ಲ, ಅದನ್ನು ಕೇಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಫೋನಿನಲ್ಲಿ ಹೇಳಿದರೆ ಹೂಂಗುಟ್ಟಿ ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ.

ನಿನಗಿರುವುದು ಪೆಂಫಿಗಸ್ ವಲ್ಗ್ಯಾರಿಸ್, ಬಾಯಿಯಲ್ಲೂ ಮೈಮೇಲೂ ಗುಳ್ಳೆ ಏಳಿಸುವ ಕಾಯಿಲೆ. ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿನ ಮೇಲೆ, ಸೋಂಕಿನ ವಿರುದ್ಧ ಹೋರಾಡಬೇಕಾದ ನಿನ್ನ ರಕ್ತದ ಪ್ರತಿಕಾಯಗಳೇ ದಾಳಿ ಮಾಡುತ್ತಿವೆ. ಗಾರೆ ಸಡಿಲವಾದ ಗೋಡೆಯಂತೆ ಕೋಶಗಳು ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಈ ಕಾಯಿಲೆ ಹಲವರಿಗೆ ಮೊದಲು ಬಾಯಿಯಲ್ಲೇ ಕಾಣಿಸಿಕೊಂಡು, ತಿಂಗಳುಗಳಾದ ಮೇಲೆ ಮೈಗೆ ಇಳಿಯುತ್ತದೆ. ಹುಣ್ಣು ಮಾಯ್ದರೂ ಪ್ರತಿಕಾಯಗಳು ಉಳಿದಿರಬಹುದು. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡ ದೇಹ ತಾನೇ ತಯಾರಿಸುವ ಹಾರ್ಮೋನನ್ನು ಕಡಿಮೆ ಮಾಡಿಕೊಂಡಿರುತ್ತದೆ; ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮುಖದ ಊತ ಡೋಸ್ ಇಳಿದಂತೆ ಇಳಿಯುತ್ತದೆ ಮಗಳೇ. ಸ್ಟೀರಾಯ್ಡ್ ಬರುವ ಮುನ್ನ ಈ ಕಾಯಿಲೆಯಿಂದ ಬಹುತೇಕರು ಬದುಕುಳಿಯುತ್ತಿರಲಿಲ್ಲ ಎಂಬುದನ್ನು ಓದಿದ ಮೇಲೆ ನನಗೆ ಆ ಪುಟ್ಟ ಮಾತ್ರೆಯ ಮೇಲೆ ಗೌರವ ಹುಟ್ಟಿದೆ.

ರಿಟುಕ್ಸಿಮ್ಯಾಬ್ ಎಂಬ ಔಷಧಿಯ ಬಗ್ಗೆ ಡಾಕ್ಟರನ್ನು ಕೇಳು. ಪ್ರತಿಕಾಯ ತಯಾರಿಗೆ ಮೂಲವಾದ ಬಿ ಕೋಶಗಳನ್ನೇ ಅದು ಕಡಿಮೆ ಮಾಡುತ್ತದೆ, ಸ್ಟೀರಾಯ್ಡನ್ನು ಬೇಗ ಇಳಿಸಲು ನೆರವಾಗುತ್ತದೆ. ಈ ಕಾಯಿಲೆಗೆ ಅದನ್ನು ಬಳಸಲು ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಲೇಬೇಕು.

ಇಲ್ಲಿ ಕೆಲವರು ಇದನ್ನು ಉಷ್ಣ ಎನ್ನುತ್ತಾರೆ, ಇನ್ನು ಕೆಲವರು ಸರ್ಪಸುತ್ತು ಎನ್ನುತ್ತಾರೆ. ಸರ್ಪಸುತ್ತು ವೈರಸ್ಸಿನಿಂದ ಬರುವುದು, ಸಾಮಾನ್ಯವಾಗಿ ಮೈಯ ಒಂದೇ ಪಕ್ಕಕ್ಕೆ ಪಟ್ಟಿಯಾಗಿ ಏಳುವುದು. ನಿನ್ನದು ಯಾರಿಗೂ ಅಂಟುವುದಿಲ್ಲ. ನಿನ್ನ ತಟ್ಟೆ, ಲೋಟ ಬೇರೆ ಇಡುವ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತುವಂತಿಲ್ಲ, ಅತ್ತೆಗೂ ಹೇಳಿದ್ದೇನೆ.

ಹುತ್ತರಿ ಹಬ್ಬಕ್ಕೆ ಬಾ. ಹಂದಿಮಾಂಸದ ಪಂದಿಕರಿ ಈ ಸಲ ನಿನಗೆ ಬೇಡ. ಅದಕ್ಕೆ ಹಾಕುವ ಕಾಚಂಪುಳಿಯ ಹುಳಿ, ಕರಿಮೆಣಸಿನ ಖಾರ ಎರಡೂ ಬಾಯಿ ಸುಡುತ್ತವೆ. ಅಕ್ಕಿ ಶ್ಯಾವಿಗೆಯ ನೂಪುಟ್ಟನ್ನು ಕಾಯಿಹಾಲಿನಲ್ಲಿ ನೆನೆಸಿ, ಚೆನ್ನಾಗಿ ಆರಿಸಿ ಕೊಡುತ್ತೇನೆ. ಬಾಳೆಹಣ್ಣಿನ ತಂಬಿಟ್ಟು ಮೆತ್ತಗಿರುತ್ತದೆ, ಆದರೆ ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸುವುದರಿಂದ ಒಂದೆರಡು ತುತ್ತು ಮಾತ್ರ. ಮೆದು ಬ್ರಷ್ಷನ್ನೇ ಬಳಸು. ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗು. ಈ ಔಷಧಿಗಳಿರುವಾಗ ಸೋಂಕು ಬೇಗ ಹಿಡಿಯುತ್ತದೆ.

ಬುಧವಾರ ಅಪ್ಪ ಮೈಸೂರಿಗೆ ಬರುತ್ತಾರೆ. ಇಬ್ಬರೂ ಡಾಕ್ಟರ ಬಳಿ ಹೋಗಿ, ಡೋಸ್ ಯಾವಾಗ, ಎಷ್ಟೆಷ್ಟು ಇಳಿಸಬೇಕೆಂದು ಬರೆಸಿಕೊಳ್ಳಿ. ಮೂಳೆಗೆ ಕ್ಯಾಲ್ಸಿಯಂ ಬೇಕೇ ಎಂದೂ ಕೇಳಿ. ಚೀಟಿಯ ಫೋಟೋ ನನಗೆ ಕಳಿಸು.

ನಿನ್ನ ಅಮ್ಮ