ಜನಗಣತಿ ಪುಸ್ತಕದಲ್ಲಿ ಮುತ್ತಜ್ಜ ಸಿಗುವುದಿಲ್ಲ

ಮಾನ್ಯರೇ,

ವಂಶವೃಕ್ಷ ಬರೆಸಲು ಹೊರಟವರು ಮೊದಲು ತಡಕುವುದು ಹಳೆಯ ಜನಗಣತಿ ವರದಿ. ಅದರಲ್ಲಿ ತಲೆ ಲೆಕ್ಕವಿದೆ, ಹೆಸರಿಲ್ಲ. ಮನೆಮನೆಯ ವಿವರ 1948ರ ಜನಗಣತಿ ಕಾಯ್ದೆಯಡಿ ಗೋಪ್ಯ. ಹೆಸರು ಬೇಕಿದ್ದರೆ ಜಮೀನಿನ ಬೆನ್ನು ಹತ್ತಬೇಕು. ಇಂದಿನ ಪಹಣಿಯ ಸರ್ವೆ ನಂಬರ್ ಹಿಡಿದು, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ರಿಜಿಸ್ಟರಿನ ನಕಲು ಕೇಳಿ. ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗಾಗುವ ಪೌತಿ ಖಾತೆಯ ಒಂದೇ ನಮೂದಿನಲ್ಲಿ ಇಬ್ಬರ ಹೆಸರೂ ಸಿಗುತ್ತದೆ.

ಬಹಳ ಮಂದಿ ಎಡವುವುದು ಊರಿನ ವಿಷಯದಲ್ಲಿ. ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ. ಅದಕ್ಕೂ ಹಿಂದಿನದು ಮೈಸೂರು ಜಿಲ್ಲೆಯ ಹೆಸರಿನಲ್ಲಿರುತ್ತದೆ. ಪಾಂಡವಪುರವಂತೂ ಹಳೆಯ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್! ಇನ್ನು ಒಂದೇ ಊರಲ್ಲಿ ನಾಲ್ಕಾರು ಕೆಂಪೇಗೌಡರು. 'ಬಿನ್' ಮುಂದಿನ ತಂದೆಯ ಹೆಸರು, ಸರ್ವೆ ನಂಬರ್ ಎರಡೂ ತಾಳೆಯಾದರೆ ಮಾತ್ರ ನಂಬಿ. ಹೆಂಗಸರನ್ನು ಹುಡುಕುವುದು ಇನ್ನೂ ಕಷ್ಟ. ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಯಿಂದ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಬಿಟ್ಟುಹೋದದ್ದು, ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ' ಎಂದದ್ದಕ್ಕೆ.

ಹಳೆಯ ಪತ್ರಿಕೆಗಳಲ್ಲಿ ರೈತಾಪಿ ಮನೆಯ ಸಾವು ಸುದ್ದಿಯಾಗುತ್ತಿದ್ದುದು ಅಪರೂಪ. ಅಜ್ಜ ಸರ್ಕಾರಿ ನೌಕರಿಯಲ್ಲಿದ್ದರೆ ಮೈಸೂರು ಗೆಜೆಟ್‌ನ ನೇಮಕ, ವರ್ಗಾವಣೆ ಪುಟಗಳೇ ವಾಸಿ. ಸುಗ್ಗಿ ಮುಗಿದ ಮೇಲೆ ಮನೆತನಗಳ ವಂಶಾವಳಿ ಹೇಳುವ ಹೆಳವರು ಬಂದರೆ ದವಸ ಕೊಟ್ಟು ಕಳಿಸಿಬಿಡಬೇಡಿ, ಅವರು ಹೇಳುವ ತಲೆಮಾರುಗಳನ್ನು ಬರೆದಿಟ್ಟುಕೊಂಡು ಪೌತಿ ಖಾತೆಯ ಪಕ್ಕದಲ್ಲಿಟ್ಟು ನೋಡಿ.

– ಓದುಗರು, ಮಂಡ್ಯ