ಅರವತ್ತು ಎಂದು ಮೂರು ಸಲ ಓದಿಸಿದ್ದರ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ರೆಂಡರಿಂಗ್ ಸಾಫ್ಟ್‌ವೇರಿನ ಫ್ರೇಮ್ ರೇಟ್ ಮೀಟರ್ ಮತ್ತು ನಿಮ್ಮ ಸಿಬ್ಬಂದಿಯ ವರ್ತನೆ

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದೆ, ಎರಡು ಟಿಕೆಟ್ ಹಾಕಿದೆ. ಎರಡನ್ನೂ ‘ಪರಿಹರಿಸಲಾಗಿದೆ’ ಎಂದು ಬರೆದು ಮುಚ್ಚಿದ್ದೀರಿ. ಯಾವುದೂ ಪರಿಹಾರವಾಗಿಲ್ಲ.

ಕಟ್ಟಡ ಏಳುವ ಮೊದಲೇ ಅದರ ಒಳಗನ್ನು ಪರದೆಯ ಮೇಲೆ ಓಡಾಡಿಸಿ ತೋರಿಸುವುದು ನನ್ನ ಕೆಲಸ. ಕ್ಯಾಮೆರಾ ಬಾಗಿಲು ದಾಟಿ ಹಾಲ್ ಕಡೆ ತಿರುಗುವಾಗ ದೃಶ್ಯ ಗಕ್ಕನೆ ನಿಲ್ಲುತ್ತದೆ, ಆಮೇಲೆ ಎಗರುತ್ತದೆ. ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಬಿಡಿ ಚಿತ್ರ, ಬಂತೆಂದು ತೋರಿಸುವ ಮೂಲೆಯ ನಿಮ್ಮ ಮೀಟರ್ ಮಾತ್ರ 60ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಕಾರಣವನ್ನು ಮೊದಲ ಟಿಕೆಟ್‌ನಲ್ಲೇ ಬರೆದಿದ್ದೆ. ಮೀಟರ್ ಒಂದು ಸೆಕೆಂಡಿನ ಫ್ರೇಮ್‌ಗಳನ್ನು ಎಣಿಸಿ ಸುಮ್ಮನಾಗುತ್ತದೆ. ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಹೊಂದಿಸುವ ಸೌಲಭ್ಯ) ಆಫ್ ಮಾಡಿ ಲೆಕ್ಕ ಹಾಕಿ: 59 ಫ್ರೇಮ್‌ಗಳು ತಲಾ 10 ಮಿಲಿಸೆಕೆಂಡಿನಲ್ಲಿ ಬಂದು, ಒಂದೇ ಒಂದು ಫ್ರೇಮ್ 410 ಮಿಲಿಸೆಕೆಂಡ್ ತೆಗೆದುಕೊಂಡರೂ ಒಟ್ಟು ಒಂದು ಸೆಕೆಂಡ್, ಒಟ್ಟು 60 ಫ್ರೇಮ್. ನೋಡುವವರಿಗೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಏನೂ ಅಲ್ಲಾಡಿರುವುದಿಲ್ಲ. 60ರ ವೇಗ ಎಂದರೆ ಪ್ರತಿ ಫ್ರೇಮೂ 16.67 ಮಿಲಿಸೆಕೆಂಡಿನೊಳಗೆ ಬರಬೇಕು. ಹೋಲಿಕೆಯನ್ನು ಮಿಲಿಸೆಕೆಂಡಿನಲ್ಲೇ ಮಾಡಿ ಎಂದು ನಿಮ್ಮ ಕೈಪಿಡಿಯೇ ಹೇಳುತ್ತದೆ.

ರೆಂಡರಿಂಗ್‌ಗೆ ಹಿಡಿದ ಹೊತ್ತನ್ನು ಬರೆದಿಡುವ ನಿಮ್ಮ ಲಾಗ್ ಕೂಡ ಇದೇ ಥರ. ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಆದ ಸಿಪಿಯು ಆದೇಶಗಳನ್ನು ಸಾಲಿಗೆ ಹಾಕಿ ಮುಂದಕ್ಕೆ ಹೋಗಿಬಿಡುತ್ತದೆ. ಚಿತ್ರ ಬರೆಯುವ ಜಿಪಿಯು ಆ ಕೆಲಸ ಮುಗಿಸುವುದು ಆಮೇಲೆ. ನೀವು ಅಳೆಯುತ್ತಿರುವುದು ಆದೇಶ ಕೊಡಲು ಹಿಡಿದ ಹೊತ್ತನ್ನು. ಜಿಪಿಯು ಟೈಮ್‌ಸ್ಟ್ಯಾಂಪ್ (ಜಿಪಿಯು ತಾನೇ ಗುರುತು ಹಾಕುವ ಸಮಯ) ಓದದೆ ರೆಂಡರಿಂಗ್ ಸಮಯ ಸಿಗುವುದಿಲ್ಲ ಎನ್ನುವುದು ಸಾಫ್ಟ್‌ವೇರ್ ಬರೆದ ನಿಮಗೆ ಗೊತ್ತೇ ಇರುತ್ತದೆ. ಕೊನೆಗೆ ನಾನೇ ಪ್ರೆಸೆಂಟ್‌ಮಾನ್ ಎಂಬ ಅಳತೆಯ ಸಾಫ್ಟ್‌ವೇರ್ ಹಾಕಿ ಪ್ರತಿ ಫ್ರೇಮನ್ನೂ ಅಳೆದು ಕಳಿಸಿದೆ.

ಸುಮ್ಮಸುಮ್ಮನೆ ದೂರುವ ಅಭ್ಯಾಸ ನನಗಿಲ್ಲ. ಕಳೆದ ಅಪ್‌ಡೇಟ್ ಆದ ಮೇಲೆ ಖಾಲಿ ದೃಶ್ಯದಲ್ಲಿ ಸೆಕೆಂಡಿಗೆ 900 ಫ್ರೇಮ್ ಇದ್ದದ್ದು 450ಕ್ಕೆ ಇಳಿದಾಗ ನಾನು ಸೊಲ್ಲೆತ್ತಲಿಲ್ಲ. ಅದು ಫ್ರೇಮಿಗೆ ಬರೀ 1.11 ಮಿಲಿಸೆಕೆಂಡಿನ ವ್ಯತ್ಯಾಸ. 60 ಇರುವಲ್ಲಿ ಅಷ್ಟೇ ಹೊತ್ತು ಹೆಚ್ಚಾದರೆ 56.25 ಆಗುತ್ತದೆ, ಅಷ್ಟೇ.

ಇನ್ನು ನಾಲ್ಕನೇ ಕರೆಯ ವಿಷಯ. ನಿಮ್ಮ ತಂತ್ರಜ್ಞರು ನನ್ನ ಪರದೆಯನ್ನು ಅಲ್ಲಿಂದಲೇ ನೋಡುತ್ತಿದ್ದರು. ನನ್ನ ಬಳಿ ಕೆಲಸ ಕಲಿಯುವ ಇಬ್ಬರು ಹುಡುಗರು ಪಕ್ಕದಲ್ಲಿದ್ದರು, ಫೋನ್ ಸ್ಪೀಕರ್‌ನಲ್ಲಿತ್ತು.

“ಬಾಗಿಲ ತನಕ ಓಡಿಸಿ. ಮೂಲೆಯಲ್ಲಿ ಎಷ್ಟಿದೆ, ಓದಿ ಸಾರ್.”

“ಅರವತ್ತು.”

“ಕೇಳಿಸಲಿಲ್ಲ, ಜೋರಾಗಿ ಹೇಳಿ.”

ಜೋರಾಗಿ ಹೇಳಿದೆ. ಮತ್ತೆ ಮೊದಲಿನಿಂದ ಓಡಿಸಿ ಎಂದರು. ದೃಶ್ಯ ಅದೇ ಜಾಗದಲ್ಲಿ ನಿಂತಿತು. “ಈಗ ನಿಂತಿತು, ನೋಡಿದಿರಾ?” ಎಂದು ಕೇಳಿದೆ. “ಅದು ಬಿಡಿ ಸಾರ್, ಎಷ್ಟಿದೆ?” ಎಂದರು. ಮೂರನೇ ಸಲ ಅರವತ್ತು ಎಂದೆ. “ಮತ್ತೆ ಸಮಸ್ಯೆ ಎಲ್ಲಿ?”

ನನ್ನ ಅಳತೆಯ ಫೈಲ್ ತೆರೆದು, 400 ಮಿಲಿಸೆಕೆಂಡ್ ದಾಟಿದ ಸಾಲಿನ ಮೇಲೆ ಕರ್ಸರ್ ಇಟ್ಟು, ದಯವಿಟ್ಟು ಇದೊಂದನ್ನು ಓದಿ ಎಂದೆ. ಓದಲಿಲ್ಲ. ಹಿಂದಿನ ಮೂರು ಕರೆಗಳಲ್ಲಿ ಹಾಕಿದ್ದ ಅದೇ ಡ್ರೈವರ್ ಸಾಫ್ಟ್‌ವೇರನ್ನು ಮತ್ತೆ ಹಾಕಿಸಿ, ಹನ್ನೆರಡು ನಿಮಿಷ ಹೋಲ್ಡ್‌ನಲ್ಲಿಟ್ಟು, ಕೊನೆಗೆ ಬಂದು ಹೇಳಿದ್ದು: “ಸಾಫ್ಟ್‌ವೇರ್ ಸರಿಯಿದೆ ಸಾರ್. ನೀವೊಮ್ಮೆ ಕಣ್ಣು ತೋರಿಸಿಕೊಳ್ಳಿ.” ಹುಡುಗರಲ್ಲೊಬ್ಬ ತಲೆ ತಗ್ಗಿಸಿದ. ಚಲನೆಯಲ್ಲಿ ತೊಡಕು ಕಂಡರೆ ನಂಬರ್ ನಂಬಬೇಡಿ, ಕಣ್ಣು ನಂಬಿ ಎಂದು ಅವರಿಗೆ ದಿನವೂ ಹೇಳಿಕೊಡುವವನು ನಾನು.

ಮರುದಿನ ಗ್ರಾಹಕರ ಎದುರೂ ದೃಶ್ಯ ಅಲ್ಲೇ ನಿಂತಿತು. ಅವರಿಗೆ ಯಾವ ಕಣ್ಣಿನ ದೋಷವೂ ಇರಲಿಲ್ಲ.

ಮೀಟರ್ ಪಕ್ಕದಲ್ಲಿ ಫ್ರೇಮ್ ಟೈಮ್ ಗ್ರಾಫ್ ಕೊಡಿ, ತೀರಾ ನಿಧಾನವಾದ ಶೇಕಡಾ 1ರಷ್ಟು ಫ್ರೇಮ್‌ಗಳ ಲೆಕ್ಕ ಬೇರೆಯಾಗಿ ತೋರಿಸಿ, ಬಾಗಿಲ ಬಳಿಯ ಆ ತಡೆಯನ್ನು ಸರಿಪಡಿಸಿ ಎಂದು ಕೇಳಿದ್ದೆ. ಈಗ ಕೇಳುವುದನ್ನು ಬಿಟ್ಟಿದ್ದೇನೆ. ಏಳು ದಿನದೊಳಗೆ ಲಿಖಿತ ಕ್ಷಮೆ ಮತ್ತು ಪೂರ್ತಿ ಹಣ ವಾಪಸ್ ಬರದಿದ್ದರೆ, ನನ್ನ ಕಚೇರಿಯ ಎಲ್ಲ ಲೈಸೆನ್ಸ್‌ಗಳನ್ನೂ ರದ್ದು ಮಾಡುತ್ತೇನೆ. ನಿಮ್ಮ 60 ಮತ್ತು ನನ್ನ ಅಳತೆ ಎರಡನ್ನೂ ಒಂದೇ ವಿಡಿಯೊದಲ್ಲಿ ಅಕ್ಕಪಕ್ಕ ಇಟ್ಟು ಪ್ರಕಟಿಸುತ್ತೇನೆ. ಆ ಕರೆಯ ಧ್ವನಿಮುದ್ರಣ ನನ್ನ ಬಳಿಯಿದೆ. ಅದು ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತದೆ.

ಇತಿ,
ನಿಮ್ಮ ಆರು ವರ್ಷದ ಗ್ರಾಹಕ